ಖಾಲಿ ಜೇಬಿನವರು ಊರು ಮುಟ್ಟಿದರು

ಶಾಂತಿಗಾಗಿ ಪಾದಯಾತ್ರೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಟೀ ಅಂಗಡಿ ಬೆಂಚಿನ ಮೇಲೆ ಕೂತವರ ಬಾಯಿಂದ ಬರುವ ಪ್ರಶ್ನೆ ಒಂದೇ: "ನಡೆದುಬಿಟ್ರೆ ಬಾಂಬು ನಿಂತ್ಹೋಗುತ್ತಾ ಸ್ವಾಮಿ?"

ಪ್ರಶ್ನೆಯಲ್ಲಿ ಕುಹಕ ಇದೆ, ನಿಜ. ಆದರೆ ಅದನ್ನು ತಳ್ಳಿಹಾಕುವಂತಿಲ್ಲ. ಕಾಲಲ್ಲಿ ಬೊಬ್ಬೆ ಎದ್ದು ಒಡೆಯುವ ತನಕ ನಡೆದವರು ಪ್ರಪಂಚದಲ್ಲಿ ಸಾವಿರಾರು ಜನ ಇದ್ದಾರೆ. ಅವರು ನಡೆದರು ಅಂತ ಮಾರನೇ ದಿನವೇ ಮದ್ದಿನ ಮನೆಗೆ ಬೀಗ ಜಡಿದ ಸರ್ಕಾರ ಒಂದೂ ಇಲ್ಲ.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾರೂ ಕೇಳುವುದಿಲ್ಲ. "ಅಷ್ಟು ಜನ ನಡೆದ್ರಲ್ಲ, ರಾತ್ರಿ ಊಟ ಎಲ್ಲಿ ಮಾಡಿದ್ರು? ಎಲ್ಲಿ ಮಲಗಿದ್ರು?" ಇದು ಸಣ್ಣ ಪ್ರಶ್ನೆ, ಅಡುಗೆಮನೆ ಪ್ರಶ್ನೆ. ದೊಡ್ಡ ಪ್ರಶ್ನೆಗೆ ಉತ್ತರ ಏನಾದರೂ ಇದ್ದರೆ ಅದು ಇದರ ಒಳಗೇ ಇದೆ.

ನಡಿಗೆ ನಮಗೆ ಹೊಸದಲ್ಲ

ಈ ಕಡೆಯ ಜನಕ್ಕೆ ಗುಂಪಾಗಿ ದೂರ ನಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಶಿವರಾತ್ರಿ ಹತ್ತಿರವಾದರೆ ಧರ್ಮಸ್ಥಳದ ದಾರಿಯಲ್ಲಿ ಹಗಲು ರಾತ್ರಿ ಎನ್ನದೆ ಜನ ನಡೆಯುತ್ತಾರೆ. ಬೆಂಗಳೂರಿನಿಂದ ಹೊರಟವರು, ಹಾಸನದಿಂದ ಹೊರಟವರು, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಮಂಡ್ಯ, ಮೈಸೂರು, ಕನಕಪುರದ ಕಡೆಯಿಂದ ಹೆಗಲ ಮೇಲೆ ಚೀಲ, ತಲೆ ಮೇಲೆ ಟವೆಲ್ಲು ಹಾಕಿಕೊಂಡು "ಉಘೇ ಉಘೇ" ಅನ್ನುತ್ತ ಹೋಗುವ ತಂಡಗಳನ್ನು ಕಾಣದ ಮಕ್ಕಳೇ ಇಲ್ಲ.

ಅಂಥ ದಾರಿಗಳಲ್ಲಿ ಇನ್ನೊಂದು ನೋಟವೂ ಉಂಟು. ರಸ್ತೆ ಬದಿಯಲ್ಲಿ ಶಾಮಿಯಾನ, ಅದರ ಕೆಳಗೆ ಮಜ್ಜಿಗೆಯ ಹಂಡೆ, ಹೆಚ್ಚಿಟ್ಟ ಕಲ್ಲಂಗಡಿ, ಪಾತ್ರೆ ತುಂಬ ಚಿತ್ರಾನ್ನ. ನಡೆಯುವವರ ಜಾತಿ ಕೇಳುವವರಿಲ್ಲ, ಊರು ಕೇಳಿದರೂ ಮಾತಿಗೆ ಅಷ್ಟೆ. "ಕೂತ್ಕೊಳಿ, ಕಾಲು ಚಾಚಿ, ಇನ್ನೊಂಚೂರು ಹಾಕಿಸ್ಕೊಳಿ" ಎಂದು ಬಲವಂತ ಮಾಡುವವರಿದ್ದಾರೆ. ಅವರು ಒಂದು ಹೆಜ್ಜೆಯೂ ನಡೆದವರಲ್ಲ. ಆದರೂ ಅವರಿಲ್ಲದೆ ಯಾತ್ರೆ ಮುಂದೆ ಸಾಗುವುದಿಲ್ಲ.

ದೇವರಿಗಾಗಿ ನಡೆಯುವವರಿಗೆ ಒಂದು ಅನುಕೂಲ ಇದೆ. ದಾರಿಯವರಿಗೆ ದೇವರು ಗೊತ್ತು, ಪುಣ್ಯದ ಪಾಲು ಗೊತ್ತು. ಶಾಂತಿಗಾಗಿ ನಡೆಯುತ್ತೇವೆ ಎಂದು ಬರುವವರ ಕಥೆ ಹಾಗಲ್ಲ. ಯಾವೂರಿನವರೋ, ಯಾವ ಪಕ್ಷದವರೋ, ಯಾರು ಕಳಿಸಿದವರೋ? ಬಾಗಿಲು ತೆಗೆಯುವ ಮುಂಚೆ ಜನ ಹತ್ತು ಸಲ ಯೋಚನೆ ಮಾಡುತ್ತಾರೆ. ಬಾಗಿಲು ತೆಗೆಸುವುದೇ ಇಂಥ ಯಾತ್ರೆಯ ಮೊದಲ ಕೆಲಸ.

ಇಲವಾಲದಲ್ಲಿ ಒಂದು ಸೆಪ್ಟೆಂಬರ್

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದರೆ ಇಲವಾಲ ಸಿಗುತ್ತದೆ. ಹಳೆಯ ಪತ್ರಿಕೆಗಳಲ್ಲಿ ಯಲವಾಲ ಎಂದು ಅಚ್ಚಾದ ಊರು ಇದೇ. ಇಂದು ಬಸ್ಸು ನಿಂತು ಹೊರಡುವ ಎರಡು ನಿಮಿಷದಲ್ಲಿ ಕಿಟಕಿಯಿಂದ ನೋಡಿದವರಿಗೆ ಅಂಗಡಿಸಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಸೇರಿದ್ದವರ ಹೆಸರು ಕೇಳಿದರೆ ಈಗಿನವರು ಹುಬ್ಬೇರಿಸಬೇಕು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿ ನೆಹರೂ, ಜಯಪ್ರಕಾಶ ನಾರಾಯಣರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರು. ಅಸೆಂಬ್ಲಿಯಲ್ಲಿ ಮುಖ ತಿರುಗಿಸಿ ಕೂರುತ್ತಿದ್ದ ಪಕ್ಷಗಳವರು ಒಂದೇ ಕಡೆ ಕೂತು ಗ್ರಾಮದಾನಕ್ಕೆ ಒಪ್ಪಿಗೆಯ ಮಾತಾಡಿದರು.

ಇವರನ್ನೆಲ್ಲ ಅಲ್ಲಿಗೆ ಸೇರಿಸಿದವರು 62 ವರ್ಷದ ಆಚಾರ್ಯ ವಿನೋಬಾ ಭಾವೆ. ಅವರ ಹಿಂದೆ ಸೈನ್ಯ ಇರಲಿಲ್ಲ, ಪಕ್ಷ ಇರಲಿಲ್ಲ. ಕೇರಳದ ಪಾದಯಾತ್ರೆ ಮುಗಿಸಿ ಆಗಿನ ಮೈಸೂರು ರಾಜ್ಯಕ್ಕೆ ಕಾಲಿಟ್ಟು ಊರಿಂದೂರಿಗೆ ನಡೆಯುತ್ತಿದ್ದ ಕಾಲ ಅದು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಹರಿಜನರು ಭೂಮಿ ಕೇಳಿದಾಗ, ಸಭೆಯಲ್ಲೇ ಇದ್ದ ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು ಎದ್ದು ನಿಂತು 100 ಎಕರೆ ಕೊಟ್ಟರಲ್ಲ, ಅಲ್ಲಿಂದ ಶುರುವಾದ ಭೂದಾನದ ನಡಿಗೆ ಇಡೀ ದೇಶ ಸುತ್ತಿ 1964ರ ತನಕ ನಡೆಯಿತು. ಎದುರುಬದುರು ಕತ್ತಿ ಹಿರಿದು ನಿಂತಿದ್ದ ನಾಡಿನಲ್ಲಿ ಕೊಟ್ಟು ತೆಗೆದುಕೊಳ್ಳುವ ಮಾತು ಆಡಿಸಿದ್ದರಿಂದ ಅದು ಶಾಂತಿಯ ನಡಿಗೆಯೂ ಆಯಿತು. ಊರು ಹೊತ್ತಿಕೊಂಡಾಗ ನಡುವೆ ಹೋಗಿ ನಿಲ್ಲುವ ಶಾಂತಿಸೇನೆ ಕಟ್ಟಿದ್ದು 1957ರಲ್ಲೇ, ಕೇರಳದಲ್ಲಿ. "ಜೈ ಜಗತ್" ಎಂಬ ಘೋಷಣೆ ಮೊಳಗಿದ್ದು ಕರ್ನಾಟಕದ ಪಾದಯಾತ್ರೆಯಲ್ಲಿ.

ಅವರ ಜೊತೆ ನಡೆಯುವುದೆಂದರೆ ಹುಡುಗಾಟ ಆಗಿರಲಿಲ್ಲ. ಬೆಳಗಿನ ಜಾವ ಮೂರಕ್ಕೆಲ್ಲ ಏಳಬೇಕು. ಪ್ರಾರ್ಥನೆ ಮುಗಿಸಿ ಕತ್ತಲಲ್ಲೇ ಲಾಂದ್ರ ಹಿಡಿದು ಹೊರಡಬೇಕು. ಮುದುಕರ ಹಿಂದೆ ಹುಡುಗರು ಓಡುವ ಹಾಗಿರುತ್ತಿತ್ತು ಆ ನಡಿಗೆ. ದಿನಕ್ಕೆ ಹತ್ತು ಹನ್ನೆರಡು ಮೈಲಿ. ಬಿಸಿಲೇರುವ ಹೊತ್ತಿಗೆ ಮುಂದಿನ ಊರು. ಅಲ್ಲಿ ತೋರಣ, ತಮಟೆ, ಆರತಿ. ಆಮೇಲೆ ಊರವರು ಕೊಟ್ಟಿದ್ದನ್ನು ಉಣ್ಣುವುದು, ಅವರು ತೋರಿಸಿದ ಜಾಗದಲ್ಲಿ ಮಲಗುವುದು. ಸಂಜೆ ಸಭೆ. ಮಾರನೇ ದಿನ ಮತ್ತೆ ಅದೇ.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವಿನೋಬಾ ಜೀಪಿನಲ್ಲಿ ಬಂದು ಭಾಷಣ ಹೊಡೆದು ಧೂಳೆಬ್ಬಿಸಿ ಹೋಗಿದ್ದರೆ ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು. ಆದರೆ ನಡೆದು ಬಂದವರು ಇವತ್ತು ರಾತ್ರಿ ಇಲ್ಲೇ ಇರುತ್ತಾರೆ. ಅವರಿಗೆ ನೀರು ಕಾಯಿಸಬೇಕು, ಅನ್ನ ಬೇಯಿಸಬೇಕು, ಚಾಪೆ ಹಾಸಬೇಕು. ಒಂದು ಊರು ಹತ್ತಾರು ಜನರ ಯೋಗಕ್ಷೇಮ ಹೊತ್ತುಕೊಂಡ ಮೇಲೆ ಅವರ ಮಾತನ್ನು ಅರ್ಧಕ್ಕೆ ಬಿಟ್ಟು ಏಳುವುದು ಕಷ್ಟ. ನಡೆಯುವವನ ಬಲ ಅವನ ಕಾಲಿನಲ್ಲಿ ಮಾತ್ರ ಇಲ್ಲ, ಅವನ ಅವಶ್ಯಕತೆಯಲ್ಲೂ ಇದೆ.

ಬೆಂಗಳೂರಿನ ಕಾಫಿ ಹೋಟೆಲಿನಿಂದ ವಾಷಿಂಗ್ಟನ್ನಿಗೆ

ಇದನ್ನು ಪರೀಕ್ಷೆಗೆ ಒಡ್ಡಿದವರು ಇಬ್ಬರು ಹುಡುಗರು. ಒಬ್ಬರು ರಾಜಸ್ಥಾನದ ಸತೀಶ್ ಕುಮಾರ್. ಒಂಬತ್ತನೇ ವಯಸ್ಸಿಗೇ ಜೈನ ಸನ್ಯಾಸಿಯಾಗಿ, ಹದಿನೆಂಟಕ್ಕೆ ಅದನ್ನು ಬಿಟ್ಟು ವಿನೋಬಾ ಬಳಿ ಬಂದವರು. ಇನ್ನೊಬ್ಬರು ಕೇರಳದ ಇ.ಪಿ. ಮೆನನ್, ಮುಂದೆ ಬೆಂಗಳೂರಿನವರೇ ಆಗಿ ನೆಲೆಸಿದವರು. 1961ರಲ್ಲಿ ಈ ಇಬ್ಬರೂ ಬೆಂಗಳೂರಿನಲ್ಲಿದ್ದರು. ಒಂದು ದಿನ ಕಾಫಿ ಹೋಟೆಲಿನಲ್ಲಿ ಕೂತು ಪೇಪರ್ ಓದುವಾಗ ಒಂದು ಸುದ್ದಿ ಕಣ್ಣಿಗೆ ಬಿತ್ತು. ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅಣುಬಾಂಬಿನ ವಿರುದ್ಧದ ಚಳವಳಿಯಲ್ಲಿ ಜೈಲಿಗೆ ಹೋಗಿದ್ದಾರೆ. ಆ ಸೆಪ್ಟೆಂಬರಿನಲ್ಲಿ ರಸೆಲ್‌ರಿಗೆ 89 ವರ್ಷ. ಇಷ್ಟು ವಯಸ್ಸಾದವರು ಸೆರೆಮನೆಗೆ ಹೋಗುವಾಗ ಇಪ್ಪತ್ತೈದರ ಆಸುಪಾಸಿನವರು ಕಾಫಿ ಹೀರುತ್ತ ಕೂರುವುದೇ ಎಂದು ಇಬ್ಬರಿಗೂ ಚುರುಕ್ಕೆಂದಿತು.

ಆಗ ಅಣುಬಾಂಬು ಇದ್ದದ್ದು ನಾಲ್ಕು ದೇಶಗಳ ಕೈಯಲ್ಲಿ. ಆ ನಾಲ್ಕು ರಾಜಧಾನಿಗಳಿಗೂ ಹೋಗುವುದು, ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್, ಅದೂ ನಡೆದುಕೊಂಡು ಎಂದು ತೀರ್ಮಾನವಾಯಿತು. ವಿನೋಬಾ ಹತ್ತಿರ ಆಶೀರ್ವಾದಕ್ಕೆ ಹೋದರು. ವಿನೋಬಾ ಎರಡು ಕಟ್ಟು ಹಾಕಿದರು. ಮೊದಲನೆಯದು, ಮಾಂಸ ಮುಟ್ಟಬಾರದು. ಎರಡನೆಯದು ಕೇಳಿ: ಜೇಬಿನಲ್ಲಿ ಒಂದು ಕಾಸೂ ಇರಬಾರದು!

ಯಾರಿಗಾದರೂ ತಲೆ ತಿರುಗುವ ಮಾತು. ದೇಶ ದೇಶ ದಾಟಬೇಕು, ಚಹಾಕ್ಕೂ ಕಾಸಿಲ್ಲ ಅಂದರೆ? ಆದರೆ ಮುದುಕರ ಲೆಕ್ಕ ಬೇರೆ ಇತ್ತು. ಕೈಯಲ್ಲಿ ದುಡ್ಡಿದ್ದರೆ ದಣಿದು ಊರು ಸೇರಿದವನು ನೇರ ಹೋಟೆಲಿಗೆ ಹೋಗಿ ಉಂಡು, ಲಾಡ್ಜಿನಲ್ಲಿ ಕದ ಹಾಕಿಕೊಂಡು ಮಲಗುತ್ತಾನೆ. ಬೆಳಿಗ್ಗೆ ಎದ್ದು ಹೊರಟುಬಿಡುತ್ತಾನೆ. ಯಾರ ಪರಿಚಯವೂ ಆಗುವುದಿಲ್ಲ. ದುಡ್ಡಿಲ್ಲದಿದ್ದರೆ ಯಾರದಾದರೂ ಬಾಗಿಲು ತಟ್ಟಲೇಬೇಕು. ಬಾಗಿಲು ತಟ್ಟಿದರೆ ಮಾತಾಡಲೇಬೇಕು. "ಯಾಕಪ್ಪಾ ಹೀಗೆ ನಡೀತಿದೀರಾ?" ಅಂತ ಅವರು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ಸಭೆ ಶುರುವಾಯಿತು ಅಂತಲೇ ಲೆಕ್ಕ. ಮಾಂಸ ತಿನ್ನುವುದಿಲ್ಲ ಅಂದರೆ ಇನ್ನೊಂದು ಪ್ರಶ್ನೆ ಬರುತ್ತದೆ, ಅಹಿಂಸೆಯ ಮಾತು ತಾನಾಗಿ ಎದ್ದು ಬರುತ್ತದೆ.

1962ರ ಜೂನ್ 1ರಂದು ದೆಹಲಿಯ ರಾಜಘಾಟಿನಿಂದ ಹೊರಟರು. ಪಾಕಿಸ್ತಾನದ ಗಡಿಗೆ ಬಂದಾಗ ಕಳಿಸಲು ಬಂದಿದ್ದ ಗೆಳತಿಯೊಬ್ಬರಿಗೆ ಕಳವಳ. ಶತ್ರು ದೇಶಕ್ಕೆ ಬರಿಗೈಯಲ್ಲಿ ಹೋಗಬೇಡಿ, ಬುತ್ತಿಯನ್ನಾದರೂ ತೆಗೆದುಕೊಳ್ಳಿ ಎಂದು ಒತ್ತಾಯ. ಇಬ್ಬರೂ ಬುತ್ತಿ ಮುಟ್ಟಲಿಲ್ಲ. ಬುತ್ತಿ ಕಟ್ಟಿಕೊಂಡು ಹೋದರೆ, ಅಲ್ಲಿಯ ಜನ ಅನ್ನ ಹಾಕುವುದಿಲ್ಲ ಎಂಬ ಅಪನಂಬಿಕೆಯನ್ನೇ ಗಂಟು ಕಟ್ಟಿಕೊಂಡು ಹೋದ ಹಾಗೆ ಎಂಬುದು ಅವರ ವಾದ. ಗಡಿ ದಾಟಿದ್ದೇ ತಡ, ಆ ಕಡೆ ಕಾರು ತಂದು ಕಾದಿದ್ದ ಒಬ್ಬ ಮನುಷ್ಯ, ನಡೆದು ಬರುವ ಇಬ್ಬರು ಹಿಂದೂಸ್ತಾನಿಗಳು ನೀವೇನಾ ಅಂತ ಕೇಳಿ ಲಾಹೋರಿನ ತನ್ನ ಮನೆಗೆ ಕರೆದ. ಇವರು ಕಾರು ಹತ್ತಲಿಲ್ಲ, ವಿಳಾಸ ಮಾತ್ರ ಇಸಕೊಂಡು ನಡೆದುಕೊಂಡೇ ಹೋಗಿ ಅವನ ಮನೆಯಲ್ಲಿ ಉಂಡರು. ಸತೀಶ್ ಕುಮಾರ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿರುವ ಪ್ರಸಂಗ ಇದು.

ಅಲ್ಲಿಂದ ಅಫ್ಘಾನಿಸ್ತಾನ, ಇರಾನ್, ಸೋವಿಯತ್ ರಷ್ಯ. ದಾರಿಯಲ್ಲಿ ಕಪ್ಪು ಸಮುದ್ರದ ಕಡೆಯ ಒಂದು ಚಹಾ ಕಾರ್ಖಾನೆಯ ಹೆಣ್ಣಾಳುಗಳು ಇವರ ಕಥೆ ಕೇಳಿ ನಾಲ್ಕು ಪೊಟ್ಟಣ ಚಹಾ ತಂದುಕೊಟ್ಟರು. ನಾಲ್ಕು ರಾಜಧಾನಿಯ ದೊರೆಗಳಿಗೆ ಒಂದೊಂದು. ಗುಂಡಿ ಒತ್ತುವ ಹುಚ್ಚು ಬಂದಾಗ ಒಂದು ಲೋಟ ಚಹಾ ಮಾಡಿ ಕುಡಿದು ಯೋಚಿಸಲಿ ಎಂಬ ಸಂದೇಶ! ಇವರು ರಸ್ತೆಯಲ್ಲಿದ್ದಾಗಲೇ 1962ರ ಅಕ್ಟೋಬರಿನಲ್ಲಿ ಕ್ಯೂಬಾ ವಿಚಾರವಾಗಿ ರಷ್ಯ ಅಮೆರಿಕಗಳು ಬಾಂಬು ಎತ್ತಿಹಿಡಿದು ಎದುರೆದುರು ನಿಂತಿದ್ದು. ಚಹಾ ಪೊಟ್ಟಣದ ಮಾತು ತಮಾಷೆಯದಾಗಿ ಉಳಿಯಲಿಲ್ಲ.

ಪ್ಯಾರಿಸ್ಸಿನಲ್ಲಿ ಮಾತ್ರ ಅಧ್ಯಕ್ಷರ ಮನೆ ಮುಂದೆ ಪ್ರತಿಭಟನೆಗೆ ನಿಂತದ್ದಕ್ಕೆ ಜೈಲೂಟ. ಅಲ್ಲಿಂದ ಇಂಗ್ಲೆಂಡು. ಯಾರ ಸುದ್ದಿ ಓದಿ ಹೊರಟಿದ್ದರೋ ಆ ರಸೆಲ್‌ರ ಭೇಟಿ. ನಡೆಯಲಾಗದ ಸಮುದ್ರಕ್ಕೆ ಹಡಗು. 1964ರ ಜನವರಿಯಲ್ಲಿ ವಾಷಿಂಗ್ಟನ್ ಮುಟ್ಟಿದರು. ಆದರೆ ಕಾಣಬೇಕಾಗಿದ್ದ ಕೆನಡಿ 1963ರ ನವೆಂಬರ್ 22ರಂದೇ ಗುಂಡಿಗೆ ಬಲಿಯಾಗಿದ್ದರು. ಗಾಂಧಿ ಸಮಾಧಿಯಿಂದ ಹೊರಟ ಯಾತ್ರೆ ಕೆನಡಿ ಸಮಾಧಿಯಲ್ಲಿ ಮುಗಿಯಿತು. ಗುಂಡೇಟಿಗೆ ಬಿದ್ದ ಇಬ್ಬರ ನಡುವೆ ಸುಮಾರು 8000 ಮೈಲಿ. ಈ ದಾರಿಯನ್ನು ಇಬ್ಬರೂ ಉಪವಾಸ ಬಿದ್ದು ಸಾಯದೆ ದಾಟಿದರು ಅಂದರೆ, ದಾರಿಯುದ್ದಕ್ಕೂ ಮುಸ್ಲಿಮರು, ಕಮ್ಯುನಿಸ್ಟರು, ಕ್ರೈಸ್ತರು ಯಾರ್ಯಾರೋ ಬಾಗಿಲು ತೆಗೆದರು ಎಂದೇ ಅರ್ಥ.

ದುಡ್ಡಿದ್ದ ಯಾತ್ರೆ ದಿವಾಳಿ ಎದ್ದಿತು

ಇಬ್ಬರಾದರೆ ಸರಿ ಸ್ವಾಮಿ, ಒಂದು ಮನೆಯಲ್ಲಿ ಎರಡು ಎಲೆ ಜಾಸ್ತಿ ಹಾಕಿದರಾಯಿತು. ನೂರಾರು ಜನ ಆದರೆ? ನ್ಯಾಯವಾದ ಮಾತೇ. ಅದಕ್ಕೆ ಉತ್ತರ ಅಮೆರಿಕದ 1986ರ ಕಥೆಯಲ್ಲಿದೆ.

ಆಗ ರಷ್ಯ ಅಮೆರಿಕಗಳ ಉಗ್ರಾಣದಲ್ಲಿ ಸಾವಿರಾರು ಅಣ್ವಸ್ತ್ರ. ಡೇವಿಡ್ ಮಿಕ್ಸ್‌ನರ್ ಎಂಬ ರಾಜಕೀಯ ಸಂಘಟಕರು ಒಂದು ಸಂಸ್ಥೆ ಕಟ್ಟಿ ಮಹಾ ಶಾಂತಿ ನಡಿಗೆಯ ಯೋಜನೆ ಹಾಕಿದರು. ಪಡುವಣ ಕರಾವಳಿಯ ಲಾಸ್ ಏಂಜಲಿಸಿನಿಂದ ಮೂಡಣದ ವಾಷಿಂಗ್ಟನ್ ತನಕ ಸುಮಾರು 3700 ಮೈಲಿ. ಐದು ಸಾವಿರ ಜನ, ಕೋಟಿಗಟ್ಟಲೆ ಡಾಲರಿನ ಬಜೆಟ್, ಡೇರೆ, ಲಾರಿ, ಸ್ನಾನದ ವ್ಯವಸ್ಥೆ, ಅಡುಗೆ ವ್ಯವಸ್ಥೆ, ದೊಡ್ಡ ಕಂಪನಿಗಳ ದೇಣಿಗೆ, ಸಿನಿಮಾ ತಾರೆಯರ ಬೆಂಬಲ. ಕಾಗದದ ಮೇಲೆ ಎಲ್ಲವೂ ಬಲು ಚೆಂದ. ನಡೆಯುವವನು ನಡೆದರೆ ಸಾಕು, ಮಿಕ್ಕಿದ್ದೆಲ್ಲ ಆಫೀಸು ನೋಡಿಕೊಳ್ಳುತ್ತೆ.

1986ರ ಮಾರ್ಚ್ 1ರಂದು ಹೊರಟಾಗ ಬಂದವರು ಐದು ಸಾವಿರ ಅಲ್ಲ, ಸುಮಾರು 1200. ನಿರೀಕ್ಷಿಸಿದ ದೇಣಿಗೆಯೂ ಬರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ, ತಂಡ ಮೊಹಾವಿ ಮರುಭೂಮಿಯ ಬಾರ್‌ಸ್ಟೋ ಎಂಬ ಊರಿನ ಹತ್ತಿರ ಇದ್ದಾಗ, ಸಂಸ್ಥೆ ದಿವಾಳಿ! ಎಲ್ಲ ಮುಗಿಯಿತು, ಮನೆಗೆ ಹೋಗಿ ಎಂದು ಹೇಳಿದ್ದಾಯಿತು. ಗಾಳಿ, ಮರಳು, ಮಳೆ. ಬಾಡಿಗೆಗೆ ತಂದ ಸಾಮಾನುಗಳು ವಾಪಸು ಹೋದವು. ಅರ್ಧಕ್ಕಿಂತ ಹೆಚ್ಚು ಜನ ಗಂಟು ಕಟ್ಟಿಕೊಂಡು ಊರಿಗೆ ಹೊರಟರು. ಅವರನ್ನು ಬೈಯುವಂತಿಲ್ಲ. ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಬಂದವರು ಮರಳುಗಾಡಿನಲ್ಲಿ ಎಷ್ಟು ದಿನ ಕೂತಾರು?

ಆದರೂ ನಾನೂರು ಐನೂರು ಮಂದಿ ಉಳಿದರು. ಮುದುಕರು, ವಿದ್ಯಾರ್ಥಿಗಳು, ಮಕ್ಕಳೊಂದಿಗರು. ಮರುಭೂಮಿಯಲ್ಲೇ ಸಭೆ ಮೇಲೆ ಸಭೆ ನಡೆಸಿ ತಮ್ಮ ಯಾತ್ರೆಯನ್ನು ತಾವೇ ಕಟ್ಟಿಕೊಂಡರು. ಹಳೇ ಬಸ್ಸು, ಹಳೇ ಲಾರಿ ಹೊಂದಿಸಿದರು. ಒಂದು ಗಾಡಿ ಅಡುಗೆಮನೆ ಆಯಿತು, ಒಂದು ಬಸ್ಸು ಮಕ್ಕಳ ಶಾಲೆ ಆಯಿತು. ತಮ್ಮ ಡೇರೆ ಊರಿಗೆ ಶಾಂತಿನಗರ ಎಂದು ಹೆಸರಿಟ್ಟು ಅದಕ್ಕೊಂದು ನಗರಸಭೆಯನ್ನೂ ಮಾಡಿಕೊಂಡರು. ಮಾರ್ಚ್ ಕೊನೆಗೆ ಮತ್ತೆ ಹೆಜ್ಜೆ ಹಾಕಿದರು.

ಈಗ ನೋಡಿ ವಿಷಯ. ಆಫೀಸು ಇದ್ದಾಗ ದಾರಿಯ ಊರುಗಳ ಹಂಗು ಬೇಕಿರಲಿಲ್ಲ. ಆಫೀಸು ಮುಳುಗಿದ ಮೇಲೆ ಊರುಗಳೇ ಗತಿ. ಮುಂದಿನ ಊರಿಗೆ ಮೊದಲೇ ಒಬ್ಬರು ಹೋಗಿ, ಇಷ್ಟು ಜನ ಬರ್ತಿದೀವಿ, ಮೈದಾನ ಸಿಗುತ್ತಾ, ನೀರು ಸಿಗುತ್ತಾ ಎಂದು ಕೇಳಬೇಕು. ಆ ಊರಿನ ಚರ್ಚಿನವರು, ಶಾಲೆಯವರು, ರೈತರು ಅಡುಗೆ ಮಾಡಿ ತಂದರು. ಕೆಲವರು ಮನೆಗೆ ಕರೆದು ಬಿಸಿನೀರು ಕೊಟ್ಟರು. ಅಣ್ವಸ್ತ್ರ ಬೇಕು ಎನ್ನುವವರೂ ಆ ಊರುಗಳಲ್ಲಿ ಇದ್ದರು. ಊಟದ ಮೇಜಿನಲ್ಲಿ ವಾದ ಹತ್ತಿತು. ಅದೇ ತಾನೇ ಬೇಕಾಗಿದ್ದದ್ದು! ರಾಕಿ ಪರ್ವತದ ಹಿಮ ದಾಟಿ, ಬಯಲುಸೀಮೆಯ ಬೇಸಿಗೆ ದಾಟಿ, ದಾರಿಯಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತ 1986ರ ನವೆಂಬರ್ 15ರಂದು ವಾಷಿಂಗ್ಟನ್ ಮುಟ್ಟಿದರು. ಎಂಟೂವರೆ ತಿಂಗಳ ನಡಿಗೆ.

ದುಡ್ಡು ನಂಬಿದ ಯಾತ್ರೆ ಎರಡು ವಾರ ನಡೆಯಿತು. ಜನರನ್ನು ನಂಬಿದ ಯಾತ್ರೆ ಎಂಟು ತಿಂಗಳು ನಡೆಯಿತು. ವಿನೋಬಾ ಇಬ್ಬರು ಹುಡುಗರಿಗೆ ಹಾಕಿದ ಕಟ್ಟು, ಬೇಕೆಂದು ಅಲ್ಲದಿದ್ದರೂ, ಅಮೆರಿಕದವರಿಗೂ ಅನ್ವಯವಾಯಿತು.

ಜಗಳ ಇದ್ದೇ ಇರುತ್ತೆ

ಹಾಗಂತ ಶಾಂತಿಯಾತ್ರೆಯೊಳಗೆ ಸದಾ ಶಾಂತಿ ಇರುತ್ತದೆ ಎಂದು ಯಾರೂ ಭ್ರಮೆ ಪಡಬೇಕಾಗಿಲ್ಲ. ಮದುವೆ ದಿಬ್ಬಣವೇ ಒಂದು ದಿನದಲ್ಲಿ ಮೂರು ಜಗಳ ಕಾಣುತ್ತದೆ. ನೂರಾರು ಜನ ತಿಂಗಳುಗಟ್ಟಲೆ ಒಟ್ಟಿಗೆ ನಡೆದು, ಒಟ್ಟಿಗೆ ಉಂಡು, ಡೇರೆಯ ಬಟ್ಟೆಯಾಚೆಗೆ ಇನ್ನೊಬ್ಬರ ಗೊರಕೆ ಕೇಳುತ್ತ ಮಲಗಿದರೆ ಕೇಳಬೇಕೆ?

ಒಬ್ಬನಿಗೆ ಬೇಗ ನಡೆಯಬೇಕು, ಇನ್ನೊಬ್ಬನಿಗೆ ದಾರಿಯವರ ಜೊತೆ ನಿಂತು ಮಾತಾಡಬೇಕು. ಪಾತ್ರೆ ತೊಳೆಯುವ ಸರದಿ ಬಂದಾಗ ಕಾಲು ನೋವು ಅನ್ನುವವರಿರುತ್ತಾರೆ. ಪ್ರತಿ ಹೆಜ್ಜೆಯನ್ನೂ ನಡೆದೇ ತೀರಬೇಕು ಎಂಬ ಹಟದವರಿಗೆ ಮಧ್ಯಾಹ್ನ ಗಾಡಿ ಹತ್ತಿದವರನ್ನು ಕಂಡರೆ ತಾತ್ಸಾರ. ಆದರೆ ಗಾಡಿ ಓಡಿಸುವವರು, ಅಡುಗೆಯವರು, ಕಕ್ಕಸು ಶುದ್ಧ ಮಾಡುವವರು ಇಲ್ಲದಿದ್ದರೆ ಹಟದವರ ಹೆಜ್ಜೆ ಎಲ್ಲಿಂದ? ನೂರು ಜನರ ತಂಡಕ್ಕೆ ದಿನಾ ಬೆಳಿಗ್ಗೆ ಡೇರೆ ಕಿತ್ತು, ಸಾಮಾನು ಹೇರಿ, ಹದಿನೈದು ಇಪ್ಪತ್ತು ಮೈಲಿ ನಡೆದು, ಸಂಜೆ ಮತ್ತೆ ಇಳಿಸಿ ಡೇರೆ ಹಾಕುವುದೆಂದರೆ ದಿನಾ ಒಂದು ಮನೆ ಖಾಲಿ ಮಾಡಿ ಇನ್ನೊಂದು ಮನೆ ಹೂಡಿದ ಹಾಗೆ.

ಪಾದದ ವಿಚಾರವೂ ಅಷ್ಟೆ. ಹೊಸ ಬೂಟು ಹಾಕಿಕೊಂಡು ಬಂದವನು ಎರಡನೇ ದಿನಕ್ಕೆ ಕುಂಟುತ್ತಾನೆ, ಹಳೇ ಚಪ್ಪಲಿಯವನು ಸಲೀಸಾಗಿ ಹೋಗುತ್ತಾನೆ. ಕುಂಟುವವನ ಚೀಲ ಯಾರು ಹೊರುತ್ತಾರೆ, ತಂಡ ಅವನಿಗಾಗಿ ನಿಲ್ಲುತ್ತದೋ ಬಿಟ್ಟು ಹೋಗುತ್ತದೋ? ರಷ್ಯ ಅಮೆರಿಕಗಳ ಶಾಂತಿಯ ಮಾತು ಆಮೇಲೆ. ಮೊದಲ ಪರೀಕ್ಷೆ ಇಲ್ಲಿ. ಜಗತ್ತಿಗೆ ಬುದ್ಧಿ ಹೇಳಲು ಹೊರಟವನು ಪಕ್ಕದ ಡೇರೆಯವನನ್ನು ಸಹಿಸದೆ ಹೋದರೆ ಜನ ನಗುವುದಿಲ್ಲವೆ?

ಬಾರ್‌ಸ್ಟೋ ಮರಳಿನಲ್ಲಿ ಉಳಿದವರ ಗಟ್ಟಿತನ ಇದ್ದದ್ದು ಅಲ್ಲೇ. ಜಗಳ ನಿಲ್ಲಲಿಲ್ಲ. ಜಗಳ ಆಡುತ್ತಲೇ ಒಟ್ಟಿಗೆ ನಡೆಯುವುದನ್ನು ಕಲಿತರು.

ಲೆಕ್ಕ ಏನಾಯ್ತು?

ಈಗ ಟೀ ಅಂಗಡಿ ಪ್ರಶ್ನೆಗೆ ಬರೋಣ. ಬಾಂಬು ನಿಂತಿತೆ?

ನಿಲ್ಲಲಿಲ್ಲ. ಇಬ್ಬರು ಹುಡುಗರು ಹೊರಟಾಗ ಅಣುಬಾಂಬಿನ ದೇಶಗಳು ನಾಲ್ಕು. ಆಮೇಲೆ 1964ರಲ್ಲಿ ಚೀನಾ ಸೇರಿತು, 1998ರಲ್ಲಿ ಭಾರತ ಮತ್ತು ಪಾಕಿಸ್ತಾನ ಎರಡೂ ಬಾಂಬು ಸಿಡಿಸಿ ತೋರಿಸಿದವು. ವಿನೋಬಾ ಲೆಕ್ಕವೂ ಪೂರ್ತಿ ಮೇಳವಾಗಲಿಲ್ಲ. ಭೂದಾನದಲ್ಲಿ 40 ಲಕ್ಷ ಎಕರೆಗೂ ಹೆಚ್ಚು ದಾನವಾಯಿತು ಎನ್ನುತ್ತಾರೆ. ಅದರಲ್ಲಿ ಕಲ್ಲುಭೂಮಿ, ವ್ಯಾಜ್ಯದ ಭೂಮಿ, ಬಾಯಲ್ಲಿ ಕೊಟ್ಟು ಕಾಗದದಲ್ಲಿ ಕೊಡದ ಭೂಮಿ ಬೇಕಾದಷ್ಟಿತ್ತು. ಬಹಳಷ್ಟು ಬಡವರ ಕೈಗೆ ಸೇರಲೇ ಇಲ್ಲ. ಇಲವಾಲದಲ್ಲಿ ದೊಡ್ಡವರೆಲ್ಲ ಹರಸಿದ ಗ್ರಾಮದಾನ ಈಗ ಎಷ್ಟು ಜನರ ನೆನಪಿನಲ್ಲಿದೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1960ರ ಮೇ ತಿಂಗಳಲ್ಲಿ ಚಂಬಲ್ ಕಣಿವೆಯಲ್ಲಿ ವಿನೋಬಾ ನಡೆದಾಗ, ಪೊಲೀಸರು ವರ್ಷಗಟ್ಟಲೆ ಬೆನ್ನಟ್ಟಿದರೂ ಸಿಗದಿದ್ದ ಡಕಾಯಿತರಲ್ಲಿ 20 ಮಂದಿ ತಾವಾಗಿ ಬಂದು ಬಂದೂಕು ಕೆಳಗಿಟ್ಟರು. 1963ರ ಆಗಸ್ಟಿನಲ್ಲಿ ಅಮೆರಿಕ, ರಷ್ಯ, ಬ್ರಿಟನ್ ಗಾಳಿಯಲ್ಲಿ, ನೀರಿನಲ್ಲಿ ಬಾಂಬು ಪರೀಕ್ಷೆ ಮಾಡುವುದಿಲ್ಲವೆಂದು ರುಜು ಹಾಕಿದವು. ಅದು ಯಾವ ಒಬ್ಬಿಬ್ಬರ ನಡಿಗೆಯಿಂದಲೂ ಆದದ್ದಲ್ಲ. ದೇಶ ದೇಶಗಳಲ್ಲಿ ಜನ ಬೀದಿಗಿಳಿದ ಒತ್ತಡವೂ ಅದರ ಹಿಂದೆ ಇತ್ತು.

1981ರಲ್ಲಿ ಬ್ರಿಟನ್ನಿನ ಕಾರ್ಡಿಫ್ ಊರಿನಿಂದ 36 ಹೆಂಗಸರ ಒಂದು ಗುಂಪು ಗ್ರೀನ್‌ಹ್ಯಾಮ್ ವಿಮಾನನೆಲೆಗೆ ಹತ್ತು ದಿನ ನಡೆದು ಹೋಯಿತು. ಅಲ್ಲಿ ಅಮೆರಿಕದ ಕ್ಷಿಪಣಿ ತಂದು ಇಡುವುದಿತ್ತು. ಸರ್ಕಾರ ಮಾತಾಡಲಿಲ್ಲ, ಪತ್ರಿಕೆಗಳೂ ಅಷ್ಟಾಗಿ ತಿರುಗಿ ನೋಡಲಿಲ್ಲ. ಸರಿ, ನೀವು ಮಾತಾಡುವ ತನಕ ಏಳುವುದಿಲ್ಲ ಎಂದು ಬೇಲಿ ಪಕ್ಕದಲ್ಲೇ ಬಿಡಾರ ಹೂಡಿದರು. ನಡಿಗೆ ಹತ್ತು ದಿನದ್ದು, ಬಿಡಾರ ಉಳಿದದ್ದು 2000ದ ತನಕ! 1987ರ ಡಿಸೆಂಬರ್ 8ರಂದು ರಷ್ಯ ಅಮೆರಿಕಗಳು ಮಧ್ಯಮ ದೂರದ ಕ್ಷಿಪಣಿ ಕಿತ್ತುಹಾಕುವ ಒಪ್ಪಂದಕ್ಕೆ ಬಂದವು. 1991ರ ಹೊತ್ತಿಗೆ ಗ್ರೀನ್‌ಹ್ಯಾಮಿನಿಂದ ಕ್ಷಿಪಣಿಗಳು ಹೊರಟುಹೋದವು. ಆ ಒಪ್ಪಂದವೂ 2019ರಲ್ಲಿ ಮುರಿದು ಬಿತ್ತು ಎಂಬುದನ್ನೂ ಮರೆಯುವಂತಿಲ್ಲ. ಶಾಂತಿ ಎಂಬುದು ಒಂದು ಸಲ ಕಟ್ಟಿ ಬೀಗ ಹಾಕುವ ಕಟ್ಟಡ ಅಲ್ಲ. ವರ್ಷಾ ವರ್ಷಾ ಹೂಳೆತ್ತಬೇಕಾದ ಕೆರೆ.

ಇದರ ನಡುವೆ 1987ರ ಬೇಸಿಗೆಯಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು. ಸುಮಾರು 230 ಅಮೆರಿಕನ್ನರು ಮತ್ತು 200 ರಷ್ಯನ್ನರು ಲೆನಿನ್‌ಗ್ರಾಡಿನಿಂದ ಮಾಸ್ಕೋ ತನಕ ಒಟ್ಟಿಗೆ ನಡೆದರು. ಒಬ್ಬರ ಮೇಲೊಬ್ಬರು ಬಾಂಬು ಗುರಿಯಿಟ್ಟ ದೇಶದವರು ದಾರಿ ತುಂಬ ಒಟ್ಟಿಗೆ ಉಂಡರು, ಒಂದೇ ಮೈದಾನದಲ್ಲಿ ಮಲಗಿದರು. ಹಿಂದಿನ ವರ್ಷದ ಮಹಾ ನಡಿಗೆಯಲ್ಲಿ ಪಾತ್ರೆ ತೊಳೆದು, ಜಗಳವಾಡಿ ಪಳಗಿದವರೇ ಇದರಲ್ಲೂ ಹಲವರಿದ್ದರು.

ಬರಮಾಡಿಕೊಳ್ಳುವವರ ಪಾಲು

ಕರ್ನಾಟಕದ ಧೂಳಿನಲ್ಲಿ ಮೊಳಗಿದ ಆ "ಜೈ ಜಗತ್" ಹೆಸರು ಹೊತ್ತು 2019ರ ಅಕ್ಟೋಬರ್ 2ರಂದು ಇನ್ನೊಂದು ತಂಡ ರಾಜಘಾಟಿನಿಂದ ಹೊರಟಿತ್ತು. ಏಕತಾ ಪರಿಷತ್ತಿನ ಪಿ.ವಿ. ರಾಜಗೋಪಾಲರ ಮುಂದಾಳುತನ, ಸುಮಾರು 50 ಜನ, ಒಂದು ವರ್ಷದ ದಾರಿ, ಜಿನೀವಾ ಗುರಿ. ಸೇವಾಗ್ರಾಮ ದಾಟಿ, ಆಮೇಲೆ ಆರ್ಮೇನಿಯಾ ಸೇರಿ ನಡೆಯುತ್ತಿದ್ದಾಗ 2020ರ ಮಾರ್ಚ್ ಬಂತು. ಕೋವಿಡ್! ಯಾತ್ರೆ ಅಲ್ಲೇ ನಿಂತಿತು. ಮರುಭೂಮಿಯಲ್ಲಿ ದಿವಾಳಿ ಎದ್ದರೂ ನಿಲ್ಲದ ನಡಿಗೆ ಇಲ್ಲಿ ನಿಲ್ಲಲೇಬೇಕಾಯಿತು, ಯಾಕೆಂದರೆ ಆ ತಿಂಗಳು ಜಗತ್ತಿನಲ್ಲಿ ಯಾರೂ ಯಾರಿಗೂ ಬಾಗಿಲು ತೆಗೆಯುವಂತಿರಲಿಲ್ಲ. ಬಾಗಿಲು ಮುಚ್ಚಿದರೆ ಯಾತ್ರೆ ಇಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಂಥ ತಂಡ ನಾಳೆ ಈ ಜಿಲ್ಲೆಯ ರಸ್ತೆಯಲ್ಲೂ ಬರಬಹುದು. ಬಂದಾಗ ವೇದಿಕೆ ಹಾಕಿಸಿ, ಹಾರ ತುರಾಯಿ ತರಿಸಿ, ಶಾಸಕರು ಬರುವ ತನಕ ಬಿಸಿಲಲ್ಲಿ ನಿಲ್ಲಿಸುವ ಸಂಪ್ರದಾಯ ಒಂದಿದೆ. ಹತ್ತು ಮೈಲಿ ನಡೆದು ಬಂದವರಿಗೆ ಹಾರ ಭಾರ. ಅವರಿಗೆ ಬೇಕಾದ್ದು ಕಡಿಮೆ: ಕಾಲು ಅದ್ದಲು ಉಪ್ಪು ಹಾಕಿದ ಬಿಸಿನೀರು, ಶಾಲೆಯ ಜಗುಲಿ, ಹೆಂಗಸರಿಗೆ ಬೀಗ ತೆಗೆದ ಕಕ್ಕಸು, ಸಾರು ಅನ್ನ. ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಸಂಜೆ ಏಳಕ್ಕೆ ಹುಡುಕುವ ಬದಲು ಹಿಂದಿನ ದಿನವೇ ಇಸಕೊಂಡಿದ್ದರೆ ಅರ್ಧ ಸ್ವಾಗತ ಮುಗಿದಂತೆ.

ಉಂಡಾದ ಮೇಲೆ ಅವರ ಪಕ್ಕ ಕೂತು, "ನಡೆದುಬಿಟ್ರೆ ಬಾಂಬು ನಿಂತ್ಹೋಗುತ್ತಾ ಸ್ವಾಮಿ?" ಅಂತ ಧಾರಾಳವಾಗಿ ಕೇಳಬಹುದು. ಅವರು ಊಟಕ್ಕೆ ನಿಮ್ಮೂರನ್ನೇ ನಂಬಿ ಬಂದಿರುವುದು ಈ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೇ.